ಕೊಳ್ಳುವ ಮುನ್ನ ಬುಡ ತಿರುಗಿಸಿ ನೋಡಿರಿ

ಮಣ್ಣಿನ ಗಡಿಗೆಯನ್ನು ಕೊಳ್ಳುವಾಗ ನಮ್ಮ ಅಜ್ಜಿಯರು ಅದನ್ನು ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. 'ಠಣ್' ಎಂದರೆ ಸರಿ; 'ಬದ್' ಎಂದರೆ ಎಲ್ಲಿಯೋ ಬಿರುಕುಂಟೆಂದು ಅರ್ಥ. ತಾಮ್ರದ ಹಂಡೆಯಾದರೆ ತೂಕ ನೋಡುವರು. ಕಬ್ಬಿಣದ ಕಾವಲಿಯಾದರೆ ಬೆನ್ನು ಸವರಿ ನೋಡುವರು. ಒನಕೆಯಾದರೆ ಯಾವ ಮರದ್ದೆಂದು ಕೇಳುವರು. ಅಂಗಡಿಯವನ ಮಾತಿಗೆ ತಲೆಯಾಡಿಸುತ್ತಿದ್ದರೇ ಹೊರತು ಅದನ್ನು ನಂಬಿ ಕಾಸು ಬಿಚ್ಚುತ್ತಿರಲಿಲ್ಲ. ಹೀಗೆ ಆರಿಸಿ ತಂದ ಹಂಡೆಯೊಂದು ಮೂರು ತಲೆಮಾರಿಗೆ ಸ್ನಾನದ ನೀರು ಕಾಯಿಸಿದ ಮನೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ.

ಇಂದು ನಾವು ಕೊಳ್ಳುವ ಸಾಮಾನಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಮಿಕ್ಸಿಯನ್ನು ತಟ್ಟಿದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಪ್ಲಾಸ್ಟಿಕ್ಕಿನ ಸಪ್ಪಳ ಒಂದೇ. ಅಂಗಡಿಯ ದೀಪದ ಕೆಳಗೆ ಎಲ್ಲವೂ ಹೊಳೆಯುತ್ತವೆ. ಯಾವುದು ಗಟ್ಟಿ, ಯಾವುದು ಪೊಳ್ಳು ಎಂಬುದು ತಿಳಿಯುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆ, ರಶೀದಿ ಎಲ್ಲಿಯೋ ಹೋಗಿರುತ್ತದೆ, ಗ್ಯಾರಂಟಿಯ ಅವಧಿಯೂ ಮುಗಿದಿರುತ್ತದೆ. ಊರು ಬಿಟ್ಟು ಊರಿಗೆ ಬಂದು ತಿಂಗಳ ಸಂಬಳದ ಮೇಲೆ ಸಂಸಾರ ಸಾಗಿಸುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಒಂದು ವರ್ಷ ಮಿಕ್ಸಿ, ಮರುವರ್ಷ ಇಸ್ತ್ರಿಪೆಟ್ಟಿಗೆ, ಅದರ ಮರುವರ್ಷ ಗೀಸರು ಎಂದು ಕೊಳ್ಳುತ್ತಲೇ ಹೋದರೆ ಮಕ್ಕಳ ಫೀಜಿಗೋ ಊರಿನ ಪ್ರಯಾಣಕ್ಕೋ ಕೂಡಿಟ್ಟ ಹಣ ಸದ್ದಿಲ್ಲದೆ ಗುಜರಿಯವನ ಗಾಡಿಗೆ ಸೇರುತ್ತದೆ.

ಹಾಗಾದರೆ ಅಜ್ಜಿಯ ಗೆಣ್ಣಿಗೆ ಬದಲಾಗಿ ನಮಗೇನಿದೆ? ಇದೆ. ಯಾವ ಯಂತ್ರವನ್ನೇ ಕೊಳ್ಳಲಿ, ಮೊದಲು ಅದನ್ನು ತಲೆಕೆಳಗು ಮಾಡಿ ಬುಡವನ್ನು ನೋಡಬೇಕು. ಬುಡದಲ್ಲಿ ಸ್ಕ್ರೂ ಉಂಟೆ, ಅಥವಾ ಬಿಚ್ಚಲಾಗದಂತೆ ಅಂಟಿಸಿ ಮುಚ್ಚಿದ್ದಾರೆಯೆ? ವಿವರದ ತಗಡು ಉಂಟೆ? ಸರಕಾರದ ಮುದ್ರೆ ಉಂಟೆ? ಸವೆಯುವ ಭಾಗ ಯಾವುದು, ಅದು ಬಿಡಿಯಾಗಿ ಸಿಕ್ಕುವುದೆ? ಬಾಳಿಕೆ ಎಂದರೆ ಎಂದಿಗೂ ಕೆಡದಿರುವುದೆಂದು ನಾವು ತಿಳಿದಿರುತ್ತೇವೆ. ಎಂದಿಗೂ ಕೆಡದ ಯಂತ್ರವನ್ನು ಈವರೆಗೆ ಯಾರೂ ಮಾಡಿಲ್ಲ. ಕೆಟ್ಟಾಗ ಬಿಚ್ಚಿ, ಸವೆದುದನ್ನು ತೆಗೆದು, ಹೊಸದನ್ನು ಹಾಕಿ ಮತ್ತೆ ಮುಚ್ಚಲು ಬರುವಂಥದು ಯಾವುದೋ ಅದೇ ಬಾಳಿಕೆಯ ಯಂತ್ರ.

ಕುಕ್ಕರು ಹೇಳುವ ಪಾಠ

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ನಮ್ಮ ಒಲೆಯ ಮೇಲೆಯೇ ಕುಳಿತು ಸೀಟಿ ಹೊಡೆಯುತ್ತಿದೆ. ೧೯೫೯ರಲ್ಲಿ ಮುಂಬಯಿಯಲ್ಲಿ ಹಾಕಿನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅದೇ ಕಾಲದಲ್ಲಿ ಟಿ. ಟಿ. ಕೃಷ್ಣಮಾಚಾರಿ ಬಳಗದವರು ಬೆಂಗಳೂರಿನಲ್ಲಿ ಪ್ರೆಸ್ಟೀಜ್ ಕುಕ್ಕರನ್ನು ಮಾಡತೊಡಗಿದರು. ಒಂದರ ಮುಚ್ಚಳ ಪಾತ್ರೆಯ ಒಳಗಿನಿಂದ ಕೂರುತ್ತದೆ, ಇನ್ನೊಂದರದು ಹೊರಗಿನಿಂದ ಕೂರುತ್ತದೆ. ಯಾವುದು ಮೇಲೆಂಬ ವಾದ ಅತ್ತೆ ಸೊಸೆಯರ ನಡುವೆ ಇಂದಿಗೂ ತೀರ್ಮಾನವಾಗಿಲ್ಲ. ನಾವು ಅದರಲ್ಲಿ ತಲೆ ಹಾಕುವುದು ಬೇಡ.

ಕುಕ್ಕರು ಇಪ್ಪತ್ತು ಮೂವತ್ತು ವರ್ಷ ಬಾಳುವುದುಂಟು. ಅದರ ಲೋಹ ದಪ್ಪವಾಗಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕೆಡಬೇಕಾದ ಭಾಗಗಳನ್ನೆಲ್ಲ ಅದನ್ನು ಮಾಡಿದವರು ಮೊದಲೇ ಬೇರೆಯಾಗಿ ಇಟ್ಟಿದ್ದಾರೆ. ರಬ್ಬರಿನ ಬಳೆ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ಹೊಸ ಬಳೆ ಹಾಕಿದರಾಯಿತು. ನೀರಿಲ್ಲದೆ ಕುಕ್ಕರು ಕಾದರೆ ಸುರಕ್ಷಾ ಕವಾಟದಲ್ಲಿರುವ ಮೆದು ಲೋಹ ಕರಗಿ ಉಗಿಗೆ ದಾರಿ ಬಿಡುತ್ತದೆ. ತಾನು ಸತ್ತು ಪಾತ್ರೆಯನ್ನೂ ಅಡುಗೆಯವರನ್ನೂ ಉಳಿಸುವ ಭಾಗ ಅದು. ಅದಕ್ಕೂ ಬದಲಿ ಸಿಕ್ಕುತ್ತದೆ. ಹಿಡಿಕೆ ಮುರಿದರೆ ಒಂದು ಸ್ಕ್ರೂ ಬಿಚ್ಚಿದರೆ ಸಾಕು. ಈ ಬಿಡಿಭಾಗಗಳು ದಾದರಿನಲ್ಲಿಯೂ ಸಿಕ್ಕುತ್ತವೆ, ಧಾರವಾಡದಲ್ಲಿಯೂ ಸಿಕ್ಕುತ್ತವೆ. ಕುಕ್ಕರಿನ ದೀರ್ಘಾಯುಷ್ಯದ ಗುಟ್ಟು ಇಷ್ಟೇ.

ಕೊಳ್ಳುವಾಗ ಅದರಲ್ಲಿಯೂ ಎಚ್ಚರ ಬೇಕು. ಕುಕ್ಕರಿನ ಮೇಲೆ ಐ.ಎಸ್. ೨೩೪೭ ಎಂಬ ಸಂಖ್ಯೆಯೊಡನೆ ಐ.ಎಸ್.ಐ. ಮುದ್ರೆ ಇರಬೇಕು. ೨೦೨೧ರ ಫೆಬ್ರವರಿ ೧ರಿಂದ ಗೃಹಬಳಕೆಯ ಕುಕ್ಕರುಗಳಿಗೆ ಈ ಮುದ್ರೆ ಕಡ್ಡಾಯವಾಗಿದೆ. ಬಳೆಯನ್ನು ಕೊಳ್ಳುವಾಗ ಅದೇ ಕಂಪನಿಯ, ಅದೇ ಅಳತೆಯ ಬಳೆಯನ್ನೇ ಕೇಳಿ ತರಬೇಕು. ಹತ್ತು ರೂಪಾಯಿ ಉಳಿಸಲು ಹೋಗಿ ಯಾವುದೋ ಬಳೆ ತಂದು ತುರುಕಿದರೆ ಅದು ಉಳಿತಾಯವಲ್ಲ, ಅಪಾಯ.

ಮಿಕ್ಸಿಯ ಹೊಟ್ಟೆಯೊಳಗೆ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ದುಡಿದು ಅತಿ ಬೇಗ ಮುಪ್ಪಾಗುವ ಯಂತ್ರ ಮಿಕ್ಸಿ. ಹಣ್ಣಿನ ರಸ ಕಲಕುವುದಕ್ಕೆಂದು ಪಶ್ಚಿಮ ದೇಶಗಳಲ್ಲಿ ಹುಟ್ಟಿದ ಯಂತ್ರಕ್ಕೆ ನಾವು ಕೊಬ್ಬರಿ, ಒಣಮೆಣಸಿನಕಾಯಿ, ಅರಿಸಿನದ ಕೊಂಬು, ನೆನೆದ ಉದ್ದಿನಬೇಳೆ ಇವನ್ನೆಲ್ಲ ಕೊಟ್ಟರೆ ಅದು ಏನು ಮಾಡೀತು? ೧೯೬೦ರ ದಶಕದಲ್ಲಿ ಮುಂಬಯಿಯ ಸೀಮೆನ್ಸ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಸತ್ಯಪ್ರಕಾಶ ಮಾಥುರ್ ಎಂಬವರ ಮನೆಯಲ್ಲಿ ಹೀಗೆಯೇ ಆಯಿತು. ಪತ್ನಿ ಮಾಧುರಿಯವರ ವಿದೇಶೀ ಮಿಕ್ಸರು ನಮ್ಮ ಅಡುಗೆಯ ಭಾರ ತಾಳದೆ ಸುಟ್ಟುಹೋಯಿತು. ನಮ್ಮ ಅಡುಗೆಗೆ ತಕ್ಕ ಮೋಟಾರನ್ನು ತಾವೇ ಏಕೆ ಮಾಡಬಾರದೆಂದು ಮಾಥುರರು ಹೊರಟರು. ಅದರಿಂದ ಹುಟ್ಟಿದುದು 'ಸುಮೀತ್' ಮಿಕ್ಸಿ. ಅನಂತರದ ಎರಡು ಮೂರು ದಶಕಗಳಲ್ಲಿ ಮದುವೆಯ ಉಡುಗೊರೆಯೆಂದರೆ ಅದೇ ಎಂಬಂತಾಗಿತ್ತು. ಆ ಕಾಲದ ಯಂತ್ರಗಳು ಇಂದಿಗೂ ಕೆಲವು ಮನೆಗಳಲ್ಲಿ ಗುಡುಗುತ್ತಿವೆ.

ಮಿಕ್ಸಿಯ ಮೋಟಾರು ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ಸುತ್ತುತ್ತದೆ. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವುದಕ್ಕೆ ಎರಡು ಪುಟ್ಟ ಇಂಗಾಲದ ತುಂಡುಗಳು ಸದಾ ಅದನ್ನು ಉಜ್ಜುತ್ತಿರುತ್ತವೆ. ರಿಪೇರಿಯವರು ಇವನ್ನು 'ಕಾರ್ಬನ್' ಎನ್ನುತ್ತಾರೆ. ಉಜ್ಜಿ ಉಜ್ಜಿ ಅವು ಸೀಮೆಸುಣ್ಣದಂತೆ ಸವೆಯುತ್ತವೆ. ಸವೆದಾಗ ಒಳಗೆ ಹೆಚ್ಚು ಕಿಡಿ ಕಾಣಿಸಿ ವಾಸನೆ ಬರುತ್ತದೆ. ಎಷ್ಟೋ ಜನ ಆಗ ಮಿಕ್ಸಿ ಸುಟ್ಟಿತೆಂದು ತೀರ್ಮಾನಿಸಿ ಹೊಸದಕ್ಕೆ ಹೊರಡುತ್ತಾರೆ. ಕಾರ್ಬನ್ ಬದಲಾಯಿಸುವುದು ಅಲ್ಪ ಖರ್ಚಿನ ಕೆಲಸ. ಕೊಳ್ಳುವಾಗಲೇ ಇದು ಬದಲಾಗುವಂಥದೆ ಎಂದು ಕೇಳಿಟ್ಟುಕೊಂಡರೆ ಮುಂದೆ ಪೇಚಾಟವಿಲ್ಲ.

ಮಿಕ್ಸಿಗಳು ಸಾಯುವ ಇನ್ನೊಂದು ದಾರಿ ಜಾರಿನ ಬುಡ. ಅಲಗಿನ ದಂಡ ಜಾರಿನ ತಳವನ್ನು ತೂರಿ ಹೋಗುವಲ್ಲಿ ಒಂದು ಬುಷ್ ಇರುತ್ತದೆ. ಅದು ಸವೆದರೆ ಹಿಟ್ಟಿನ ನೀರು ಹನಿಹನಿಯಾಗಿ ಕೆಳಗಿಳಿದು ಮೋಟಾರಿನ ಮೇಲೆ ಬೀಳುತ್ತದೆ. ಜಾರನ್ನು ಎತ್ತಿದಾಗ ಅದರ ಕೆಳಗೆ ಕಪ್ಪು ನೀರು ಕಂಡರೆ ಅಂದೇ ಜಾರನ್ನು ರಿಪೇರಿಗೆ ಕೊಡಬೇಕು. ಜಾರಿನ ತಪ್ಪಿಗೆ ಮೋಟಾರು ಪ್ರಾಣ ಕೊಡುವುದು ನ್ಯಾಯವಲ್ಲ.

ನಮ್ಮ ಮನೆಯಲ್ಲಿ ನಡೆದುದನ್ನೇ ಹೇಳುತ್ತೇನೆ. ಏಳನೆಯ ವರ್ಷದಲ್ಲಿ ದೊಡ್ಡ ಜಾರು ಸೋರತೊಡಗಿತು. ಮೋಟಾರು ಮಾತ್ರ ಹೊಸದರಂತೆ ಇತ್ತು. ಕಂಪನಿಯ ಸೇವಾಕೇಂದ್ರಕ್ಕೆ ಒಯ್ದರೆ, ಆ ಮಾದರಿ ನಿಂತುಹೋಗಿದೆ, ಜಾರು ಬರುವುದಿಲ್ಲ, ಇದನ್ನು ಇಲ್ಲಿಯೇ ಬಿಟ್ಟರೆ ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ ಎಂದರು. ಮನೆಯಾಕೆ ಒಪ್ಪಲಿಲ್ಲ. ಕಾಲು ಗಟ್ಟಿಯಿರುವಾಗ ಚಪ್ಪಲಿ ಹರಿಯಿತೆಂದು ಕಾಲು ಬದಲಾಯಿಸುತ್ತಾರೆಯೆ ಎಂಬುದು ಆಕೆಯ ಪ್ರಶ್ನೆ. ಜಾರನ್ನು ಚೀಲಕ್ಕೆ ಹಾಕಿಕೊಂಡು ಮಾಟುಂಗಾದ ಒಂದು ಸಣ್ಣ ಅಂಗಡಿಗೆ ಹೋದೆವು. ಅಂಗಡಿಯವರು ಹಳೆಯ ಬುಷ್ ಹೊಡೆದು ತೆಗೆದು ಹೊಸದನ್ನು ಕೂರಿಸಲು ಹಿಡಿದದ್ದು ಕಾಲು ಗಂಟೆ. ಆ ಜಾರಿನಲ್ಲಿ ಇಂದು ಬೆಳಿಗ್ಗೆಯೂ ಚಟ್ನಿಯಾಗಿದೆ.

ಇಷ್ಟರಿಂದ ತಿಳಿಯುವುದೇನೆಂದರೆ, ೭೫೦ ವಾಟು, ೧,೦೦೦ ವಾಟು ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಬಾಳಿಕೆಯ ಗುರುತಲ್ಲ. ಯಂತ್ರ ಎಷ್ಟು ವಿದ್ಯುತ್ತನ್ನು ಎಳೆಯುತ್ತದೆಂಬುದನ್ನು ಅದು ಹೇಳುತ್ತದೆ. ಎಷ್ಟು ವರ್ಷ ದುಡಿಯುತ್ತದೆಂದು ಹೇಳುವುದಿಲ್ಲ. ಬುಡದ ತಗಡನ್ನು ಓದಿರಿ. ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸಬೇಕೆಂಬಂಥ ಸೂಚನೆ ಎಷ್ಟೋ ಮಿಕ್ಸಿಗಳ ಮೇಲೆ ಇರುತ್ತದೆ. ಬುಡದಲ್ಲಿರುವ ಕೆಂಪು ಗುಂಡಿ ಭಾರ ಹೆಚ್ಚಾದಾಗ ಹೊರಚಿಮ್ಮಿ ಮೋಟಾರನ್ನು ಉಳಿಸುತ್ತದೆ. ಅದನ್ನು ಒಡನೆಯೇ ಒತ್ತಬಾರದು. ಯಂತ್ರ ತಣಿಯಲು ಬಿಟ್ಟು, ಜಾರಿನ ಹೊರೆಯನ್ನು ಇಳಿಸಿ, ಆಮೇಲೆ ಒತ್ತಬೇಕು.

ನಿಧಾನವೇ ಲಾಭ

ವಾರಕ್ಕೆ ಮೂರು ದಿನ ಇಡ್ಲಿ ದೋಸೆ ಮಾಡುವ ಮನೆಯವರು ಹಿಟ್ಟಿನ ಕೆಲಸವನ್ನು ಮಿಕ್ಸಿಯ ತಲೆಗೆ ಕಟ್ಟದೆ ರುಬ್ಬುವ ಯಂತ್ರವನ್ನು ಬೇರೆಯಾಗಿ ಕೊಳ್ಳುವುದು ಒಳ್ಳೆಯದು. ೧೯೫೫ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಎಂಬವರು ನಮ್ಮ ಒರಳಿಗೆ ಮೋಟಾರು ಕಟ್ಟಿ ಈ ಯಂತ್ರವನ್ನು ರೂಪಿಸಿದರೆಂದು ಹೇಳುತ್ತಾರೆ. ಮೈಸೂರು ರೇಷ್ಮೆಗೂ ಚನ್ನಪಟ್ಟಣದ ಬೊಂಬೆಗೂ ಇರುವಂತೆ ಕೊಯಮತ್ತೂರಿನ ಗ್ರೈಂಡರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಇದರ ಮೋಟಾರು ಸಾಮಾನ್ಯವಾಗಿ ಇಂಡಕ್ಷನ್ ಜಾತಿಯದು. ಅದರಲ್ಲಿ ಉಜ್ಜುವ ಇಂಗಾಲವೇ ಇಲ್ಲ. ಮಿಕ್ಸಿಯ ಅಬ್ಬರವೂ ಇಲ್ಲ. ಅರ್ಧ ಮುಕ್ಕಾಲು ಗಂಟೆ ನಿಧಾನವಾಗಿ ತಿರುಗುತ್ತದೆ, ಹಿಟ್ಟು ಬಿಸಿಯಾಗುವುದಿಲ್ಲ, ಕಲ್ಲು ವರ್ಷಗಟ್ಟಲೆ ಸವೆಯುವುದಿಲ್ಲ. ಕೆಡುವುದೇನಿದ್ದರೂ ಬೆಲ್ಟು, ಸ್ವಿಚ್ಚು, ತೊಟ್ಟಿಯ ಬುಷ್ — ಇಂಥವೇ. ಇವೆಲ್ಲ ಬಿಡಿಯಾಗಿ ಸಿಕ್ಕುತ್ತವೆ. ಜಾಗ ಹಿಡಿಯುತ್ತದೆಂಬುದೊಂದೇ ಆಕ್ಷೇಪಣೆ. ಮುಂಬಯಿಯ ಅಡುಗೆಮನೆಯಲ್ಲಿ ಜಾಗವೇ ಬಂಗಾರ ಎಂಬುದನ್ನು ಒಪ್ಪಿದರೂ, ಹಿಟ್ಟಿನ ಹೊರೆ ತಪ್ಪಿದ ಮಿಕ್ಸಿಯ ಆಯುಷ್ಯವೂ ಹೆಚ್ಚುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಪಂಖದ ಇಬ್ಬಂದಿ

ಬಾಳಿಕೆಯ ವಿಷಯದಲ್ಲಿ ಒಂದು ನಿಜವಾದ ತೊಡಕು ಇರುವುದು ಛಾವಣಿಯ ಪಂಖದಲ್ಲಿ. ಹಳೆಯ ತರದ ಪಂಖ ಸರಳ ಜೀವಿ. ತಾಮ್ರದ ತಂತಿಯ ಸುತ್ತು, ಎರಡು ಬೇರಿಂಗು, ಒಂದು ಕೆಪಾಸಿಟರು — ಇಷ್ಟೇ ಅದರ ಸಂಸಾರ. ಮೂರರಲ್ಲಿ ಇಟ್ಟರೂ ಐದರಲ್ಲಿ ಇಟ್ಟರೂ ಪಂಖ ಸೋಮಾರಿಯಂತೆ ತಿರುಗುತ್ತಿದ್ದರೆ ಬಹುಮಟ್ಟಿಗೆ ತಪ್ಪು ಕೆಪಾಸಿಟರಿನದು. ಎರಡೂವರೆ ಮೈಕ್ರೋಫ್ಯಾರಡಿನ ಆ ಪುಟ್ಟ ಡಬ್ಬಿಯ ಬೆಲೆ ನೂರು ರೂಪಾಯಿಯೊಳಗೆ. ಬಲ್ಲವರನ್ನು ಕರೆದು ಅದೊಂದನ್ನು ಬದಲಾಯಿಸಿದರೆ ಪಂಖ ಮತ್ತೆ ಯೌವನ ಪಡೆಯುತ್ತದೆ. 'ಕಿರ್ರ್' ಎಂದರೆ ಬೇರಿಂಗು. ಸುತ್ತು ಸುಟ್ಟರೂ ಮತ್ತೆ ಸುತ್ತಿಸಬಹುದು. ಕೊಳ್ಳುವಾಗ ಒಳಗಿನ ತಂತಿ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ ಎಂದು ಕೇಳಿ, ತಾಮ್ರವೆಂದರೆ ಅದನ್ನು ರಶೀದಿಯ ಮೇಲೆ ಬರೆಯಿಸಿಕೊಳ್ಳಿರಿ.

ಈಗ ಬಂದಿರುವ ಬಿ.ಎಲ್.ಡಿ.ಸಿ. ಪಂಖಗಳದು ಬೇರೆ ರೀತಿ. ಹಳೆಯದು ಸುಮಾರು ೭೫ ವಾಟು ತಿಂದರೆ ಇದು ೩೦ ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ ೧೨ ಗಂಟೆಯಂತೆ ವರ್ಷದಲ್ಲಿ ೩೦೦ ದಿನ ತಿರುಗಿತೆನ್ನಿ. ಉಳಿಯುವುದು ೧೬೨ ಯೂನಿಟ್ಟು. ಯೂನಿಟ್ಟಿಗೆ ೮ ರೂಪಾಯಿ ಹಿಡಿದರೆ ೧,೨೯೬ ರೂಪಾಯಿ! ಮುಂಬಯಿ, ಚೆನ್ನೈಗಳಂಥ ಬೆವರಿನ ಊರಿನಲ್ಲಿರುವವರು ಈ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ಪಂಖದೊಳಗೆ ಒಂದು ಎಲೆಕ್ಟ್ರಾನಿಕ್ ಹಲಗೆ ಉಂಟು. ಅದು ಕೆಟ್ಟರೆ ಬೀದಿಯ ಮೂಲೆಯ ಮಿಸ್ತ್ರಿ ಕೈಚೆಲ್ಲುತ್ತಾನೆ, ಕಂಪನಿಯವರೇ ಬರಬೇಕು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಹಗಲೂ ರಾತ್ರಿಯೂ ತಿರುಗುವ ಕೋಣೆಗೆ ಹೊಸದು, ಅಪರೂಪಕ್ಕೆ ತಿರುಗುವ ಕೋಣೆಗೆ ಹಳೆಯ ತರದ್ದು ಎಂಬುದು ನನ್ನ ಅಭಿಪ್ರಾಯ. ಹೊಸದನ್ನು ಕೊಳ್ಳುವವರು ಎರಡು ಪ್ರಶ್ನೆ ಕೇಳಲೇಬೇಕು: ಹಲಗೆಗೆ ಎಷ್ಟು ವರ್ಷದ ಗ್ಯಾರಂಟಿ? ಅನಂತರ ಹಲಗೆಯೊಂದನ್ನೇ ಮಾರುತ್ತೀರಾ, ಬೆಲೆ ಎಷ್ಟು? ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ೨೦೨೩ರ ಜನವರಿ ೧ರಿಂದ ಛಾವಣಿಯ ಪಂಖಗಳಿಗೆ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಅದು ಹೇಳುವುದು ವಿದ್ಯುತ್ತಿನ ಉಳಿತಾಯವನ್ನು ಮಾತ್ರ. ನಕ್ಷತ್ರ ಐದಿದ್ದ ಮಾತ್ರಕ್ಕೆ ಪಂಖ ಚಿರಂಜೀವಿಯಾಗುವುದಿಲ್ಲ.

ಉಳಿದ ಸಾಮಾನುಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಇಸ್ತ್ರಿಪೆಟ್ಟಿಗೆಯಲ್ಲಿ ಮೊದಲು ಸೋಲುವುದು ತಂತಿಯ ಕುತ್ತಿಗೆ. ಅದನ್ನು ಸ್ಕ್ರೂ ಬಿಚ್ಚಿ ಬದಲಾಯಿಸಲು ಬರಬೇಕು, ಪ್ಲಗ್ಗು ಮೂರು ಕಡ್ಡಿಯದಾಗಿರಬೇಕು. ಗೀಸರಿನ ಆಯುಷ್ಯ ಊರಿನ ನೀರನ್ನು ಅವಲಂಬಿಸಿದೆ. ಮುಂಬಯಿಗೆ ಬರುವುದು ತಾನಸಾ, ವೈತರಣಾ, ಭಾತಸಾ ಜಲಾಶಯಗಳ ಮೃದು ನೀರು. ಹೈದರಾಬಾದು, ಚೆನ್ನೈಗಳಲ್ಲಿ ಕೊಳವೆಬಾವಿಯ ಗಡಸು ನೀರು ಕುಡಿಯುವ ಗೀಸರಿನ ಕೊಳವೆಗೆ ಸುಣ್ಣ ಕಟ್ಟುತ್ತದೆ. ತೊಟ್ಟಿಯೊಳಗೆ ಮೆಗ್ನೀಷಿಯಮ್ಮಿನ ಒಂದು ಸರಳು ಇದ್ದು, ತಾನು ಕರಗಿ ತೊಟ್ಟಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂಬ ಸಂಗತಿ ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ಬಟ್ಟೆ ಒಗೆಯುವ ಯಂತ್ರ ಕೊಳ್ಳುವವರು ಅದರ ಬುಡ ಮುಚ್ಚಿದೆಯೆ ಎಂದು ನೋಡಿಕೊಳ್ಳಲಿ. ನೆಲಮಹಡಿಯ ಮನೆಗಳಲ್ಲಿ ತಂತಿ ಕಡಿದು ಯಂತ್ರ ಕೆಡಿಸುವ ಇಲಿಗಳಿಗೆ ಗ್ಯಾರಂಟಿಯ ಭಯವಿಲ್ಲ.

ಹಳೆಯದೆಲ್ಲ ಗಟ್ಟಿಯೆ?

"ಆಗಿನ ಕಾಲದ ಸಾಮಾನೇ ಬೇರೆ, ಈಗ ಬೇಕೆಂದೇ ಕೆಡುವಂತೆ ಮಾಡುತ್ತಾರೆ" ಎಂಬ ಮಾತನ್ನು ಎಲ್ಲೆಡೆಯೂ ಕೇಳುತ್ತೇವೆ. ಈ ಮಾತಿಗೆ ಆಧಾರವಿಲ್ಲದಿಲ್ಲ. ೧೯೨೪ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಬಲ್ಬು ತಯಾರಕರು ಜಿನೀವಾದಲ್ಲಿ ಸೇರಿ 'ಫೀಬಸ್' ಎಂಬ ಕೂಟ ಕಟ್ಟಿಕೊಂಡರು. ಬಲ್ಬಿನ ಆಯುಷ್ಯ ೧,೦೦೦ ಗಂಟೆಯೆಂದು ಗೊತ್ತುಮಾಡಿ, ಅದಕ್ಕಿಂತ ಬಹಳ ಹೆಚ್ಚು ಬಾಳುವ ಬಲ್ಬು ಮಾಡಿದವರಿಗೆ ದಂಡ ಹಾಕಿದರು. ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರಿನಲ್ಲಿ, ಅಗ್ನಿಶಾಮಕ ಠಾಣೆಯೊಂದರ ಬಲ್ಬು ೧೯೦೧ರಿಂದ ಉರಿಯುತ್ತಾ ಬಂದು ಲೋಕಪ್ರಸಿದ್ಧವಾಗಿದೆ. ಆದರೆ ಅದು ಕೊಡುವ ಬೆಳಕು ದೇವರ ಮನೆಯ ಸಣ್ಣ ದೀಪದಷ್ಟು ಮಾತ್ರ. ತಂತಿ ಕಡಿಮೆ ಕಾದರೆ ಹೆಚ್ಚು ಕಾಲ ಬಾಳುತ್ತದೆ, ಬೆಳಕು ಕುಂದುತ್ತದೆ. ದೀರ್ಘಾಯುಷ್ಯಕ್ಕೂ ಒಂದು ಬೆಲೆ ತೆರಬೇಕಾಗುತ್ತದೆಂಬುದನ್ನು ಇದರಿಂದ ಅರಿಯಬಹುದು.

ಇನ್ನೊಂದು ಮಾತು. ಅಜ್ಜನ ಕಾಲದ ಪಂಖ ಇನ್ನೂ ತಿರುಗುತ್ತಿದೆಯೆಂದು ಮೆಚ್ಚುವಾಗ, ಅದರ ಜೊತೆಗೆ ಹುಟ್ಟಿ ಎಂದೋ ಗುಜರಿಗೆ ಹೋದ ಪಂಖಗಳು ನಮ್ಮ ಕಣ್ಣ ಮುಂದಿಲ್ಲ. ಉಳಿದದ್ದನ್ನು ಮಾತ್ರ ನೋಡಿ ಅಂದಿನದೆಲ್ಲ ಗಟ್ಟಿಯೆಂದರೆ ಅದು ಪೂರ್ಣ ಸತ್ಯವಾಗದು. ಅಂದಿನವರು ಒಂದು ಯಂತ್ರಕ್ಕಾಗಿ ತಿಂಗಳುಗಟ್ಟಲೆ ಹಣ ಕೂಡಿಸುತ್ತಿದ್ದರು. ಕೊಂಡ ಮೇಲೆ ವರ್ಷಕ್ಕೊಮ್ಮೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿ, ಆಯುಧಪೂಜೆಯಲ್ಲಿ ಕುಂಕುಮ ಹಚ್ಚುತ್ತಿದ್ದರು. ಆ ಬಾಳಿಕೆಯಲ್ಲಿ ಕಾರಖಾನೆಯ ಪಾಲೊಂದು, ಮನೆಯವರ ಪಾಲೊಂದು.

ವರ್ಷದ ಲೆಕ್ಕ

ಅಗ್ಗದ ಆಸೆಗೆ ಮುಗ್ಗಲು ಜೋಳ ತಂದ ಹಾಗೆ ಎಂಬ ಗಾದೆಯನ್ನು ಅಂಕಿಯಲ್ಲಿಯೂ ಹೇಳಬಹುದು. ಒಂದು ಮಿಕ್ಸಿಗೆ ೨,೫೦೦ ರೂಪಾಯಿ, ಅದು ಮೂರು ವರ್ಷ ಬಂತೆನ್ನಿ. ಇನ್ನೊಂದಕ್ಕೆ ೫,೦೦೦ ರೂಪಾಯಿ. ನಡುವೆ ರಿಪೇರಿಗೆ ೧,೫೦೦ ರೂಪಾಯಿ ಹಾಕಿ ಹನ್ನೆರಡು ವರ್ಷ ನಡೆಸಿದಿರೆನ್ನಿ. ಮೊದಲನೆಯದಕ್ಕೆ ವರ್ಷಕ್ಕೆ ೮೩೩ ರೂಪಾಯಿ ಬಿತ್ತು, ಎರಡನೆಯದಕ್ಕೆ ೫೪೨. ಹನ್ನೆರಡು ವರ್ಷದಲ್ಲಿ ಅಗ್ಗದ ಮಿಕ್ಸಿಗಳು ನಾಲ್ಕು ಬಂದು ೧೦,೦೦೦ ರೂಪಾಯಿ ತಿಂದವು. ದುಬಾರಿಯೆನಿಸಿದ್ದು ೬,೫೦೦ಕ್ಕೆ ತೃಪ್ತಿಪಟ್ಟಿತು.

ಹಾಗೆಂದು ಬೆಲೆ ಹೆಚ್ಚಿದ್ದುದೆಲ್ಲ ಒಳ್ಳೆಯದೆಂದೂ ಭಾವಿಸಬಾರದು. ಹೆಚ್ಚಿನ ಬೆಲೆ ಗಾಜಿನ ಮುಖಕ್ಕೋ, ದೂರದಿಂದ ಮೊಬೈಲಿನಲ್ಲಿ ನಡೆಸುವ ಸೌಕರ್ಯಕ್ಕೋ, ಜಾಹೀರಾತಿನ ತಾರೆಗೋ ಹೋಗುತ್ತಿರಬಹುದು. ಗುಂಡಿಗಳು ಹೆಚ್ಚಿದಷ್ಟೂ ಕೆಡುವ ಜಾಗಗಳು ಹೆಚ್ಚು. ನೀವು ಕೊಡುವ ಹೆಚ್ಚಿನ ಹಣ ತಾಮ್ರಕ್ಕೆ, ಉಕ್ಕಿಗೆ, ಬೇರಿಂಗಿಗೆ, ಬಿಡಿಭಾಗದ ದಾಸ್ತಾನಿಗೆ ಹೋಗಿದೆಯೆ ಎಂಬುದನ್ನು ಮಾತ್ರ ವಿಚಾರಿಸಿರಿ. ಬಿಡಿಭಾಗದ ಬೆಲೆಯೇ ಯಂತ್ರದ ಅರ್ಧ ಬೆಲೆಯಾದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಅಂಗಡಿಗೆ ಹೊರಡುವ ಮುನ್ನ

ಮಾರುವವರನ್ನು ಕೇಳುವ ಮೊದಲು ರಿಪೇರಿ ಮಾಡುವವರನ್ನು ಕೇಳಿರಿ. ಯಾವ ಯಂತ್ರಗಳು ತಮ್ಮ ಮೇಜಿನ ಮೇಲೆ ಪದೇ ಪದೇ ಬರುತ್ತವೆ, ಯಾವುದಕ್ಕೆ ಸಾಮಾನು ಸಿಕ್ಕುತ್ತದೆ ಎಂಬುದು ಅವರಿಗೆ ಬಾಯಿಪಾಠ. ಪ್ರತಿ ಊರಿನಲ್ಲಿಯೂ ಇಂಥ ಜ್ಞಾನದ ಪೇಟೆಗಳಿವೆ: ಮುಂಬಯಿಯಲ್ಲಿ ಲೋಹಾರ್ ಚಾಳ್, ದೆಹಲಿಯಲ್ಲಿ ಚಾಂದನಿ ಚೌಕದ ಭಾಗೀರಥ ಪ್ಯಾಲೇಸ್, ಹೈದರಾಬಾದಿನಲ್ಲಿ ಟ್ರೂಪ್ ಬಜಾರ್, ಚೆನ್ನೈಯಲ್ಲಿ ರಿಚಿ ಸ್ಟ್ರೀಟ್, ಪುಣೆಯಲ್ಲಿ ಬುಧವಾರ ಪೇಟೆ. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯೂ ಉಂಟು. ಒಂದು ಮಧ್ಯಾಹ್ನ ಅಲ್ಲಿ ತಿರುಗಾಡಿದವರಿಗೆ ಹತ್ತು ಜಾಹೀರಾತು ಹೇಳದ ಸಂಗತಿ ತಿಳಿಯುತ್ತದೆ.

ಮುದ್ರೆಯ ವಿಷಯ. ೧೯೪೭ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಗೆ ಮುದ್ರೆಯೊತ್ತುವ ಅಧಿಕಾರವನ್ನು ಕೊಟ್ಟದ್ದು ೧೯೫೨ರ ಕಾನೂನು. ೧೯೮೭ರಲ್ಲಿ ಅದರ ಜಾಗಕ್ಕೆ ಬಂದ ಬ್ಯೂರೋವನ್ನೇ ನಾವು ಈಗ ಬಿ.ಐ.ಎಸ್. ಎನ್ನುತ್ತೇವೆ. ಮುದ್ರೆಯ ಮೇಲ್ಗಡೆ ಮಾನಕದ ಸಂಖ್ಯೆಯೂ ಕೆಳಗಡೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಪರವಾನಗಿ ನಿಜವೋ ಸುಳ್ಳೋ ತಿಳಿಯುತ್ತದೆ. ಮುದ್ರೆಯಿಲ್ಲದ ಕುಕ್ಕರು, ಇಸ್ತ್ರಿಪೆಟ್ಟಿಗೆ, ಗೀಸರುಗಳನ್ನು ಬಿಟ್ಟಿಯಾಗಿ ಕೊಟ್ಟರೂ ತರಬಾರದು.

ಗ್ಯಾರಂಟಿಯ ಚೀಟಿಯನ್ನು ಅಂಗಡಿಯಲ್ಲಿಯೇ ಓದಿರಿ. 'ಮೋಟಾರಿಗೆ ಐದು ವರ್ಷ' ಎಂದು ದೊಡ್ಡ ಅಕ್ಷರದಲ್ಲಿದ್ದರೆ, ಜಾರು, ಸ್ವಿಚ್ಚು, ಕಪ್ಲರುಗಳಿಗೆ ಎಷ್ಟು ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವವರು ಸೇವಾಕೇಂದ್ರ ಬೇರೆ ಊರುಗಳಲ್ಲಿಯೂ ಇದೆಯೆ ಎಂದು ಕೇಳಬೇಕು. ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಬರುವ ವಿದ್ಯೆಯೆಂದರೆ ಕಡತ ಇಡುವುದು. ಅದನ್ನು ಕಚೇರಿಯಲ್ಲಿಯೇ ಬಿಟ್ಟು ಬರುವುದೇಕೆ? ಮನೆಯಲ್ಲಿಯೂ ಒಂದು ಕಡತವಿರಲಿ. ರಶೀದಿ, ಗ್ಯಾರಂಟಿ ಚೀಟಿ, ಕೊಂಡ ದಿನ, ರಿಪೇರಿಯಾದ ದಿನ, ಕೊಟ್ಟ ಹಣ — ಎಲ್ಲವೂ ಅದರಲ್ಲಿ ಸೇರಲಿ. ರಶೀದಿಯ ಮಸಿ ಅಳಿಸಿಹೋಗುವಂಥದಾದರೆ ನಕಲು ತೆಗೆದಿಡಿರಿ.

ಆ ಕಡತಕ್ಕೆ ಕಾನೂನಿನಲ್ಲಿಯೂ ಬೆಲೆಯುಂಟು. ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ಗ್ರಾಹಕನು ತಾನು ವಾಸವಾಗಿರುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡು ಪುಣೆಗೆ ವರ್ಗವಾದವರು ಮತ್ತೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಐದು ಲಕ್ಷ ರೂಪಾಯಿಯವರೆಗಿನ ಸಾಮಾನಿಗೆ ದೂರಿನ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೆ. ಅದಕ್ಕೂ ಮೊದಲು ೧೯೧೫ ಎಂಬ ಸಹಾಯವಾಣಿಗೆ ಕರೆಮಾಡಿ ನೋಡಬಹುದು.

ಬಿಡಿಭಾಗದ ಹಕ್ಕಿಗಾಗಿ ಬೇರೆ 
ದೇಶಗಳಲ್ಲಿಯೂ ಕೂಗೆದ್ದಿದೆ. ೨೦೨೧ರ ಮಾರ್ಚಿನಿಂದ ಯೂರೋಪಿನ ಒಕ್ಕೂಟದಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಬಿಡಿಭಾಗಗಳನ್ನು ಹತ್ತು ವರ್ಷ ಒದಗಿಸಬೇಕೆಂಬ ಕಟ್ಟಳೆ ಬಂದಿತು. ಫ್ರಾನ್ಸಿನಲ್ಲಿ ಅದೇ ವರ್ಷದಿಂದ ಕೆಲವು ಸಾಮಾನುಗಳ ಮೇಲೆ, ಅದನ್ನು ರಿಪೇರಿ ಮಾಡುವುದು ಎಷ್ಟು ಸುಲಭವೆಂದು ಹತ್ತಕ್ಕೆ ಇಂತಿಷ್ಟು ಅಂಕ ಹಾಕತೊಡಗಿದರು. ನಮ್ಮ ದೇಶದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರ ಜುಲೈಯಲ್ಲಿ ಈ ವಿಷಯಕ್ಕೆ ಸಮಿತಿ ನೇಮಿಸಿ, ಅದೇ ಡಿಸೆಂಬರ್ ೨೪ರಂದು 'ರೈಟ್ ಟು ರಿಪೇರ್' ಎಂಬ ಜಾಲತಾಣವನ್ನು ತೆರೆಯಿತು. ಒಳ್ಳೆಯ ಆರಂಭವೇ ಸರಿ. ಆದರೆ ಕಾನೂನು ಎಷ್ಟೇ ಬಂದರೂ ಅಂಗಡಿಯಲ್ಲಿ ನಿಂತು ಕೇಳುವ ಗ್ರಾಹಕನಿಲ್ಲದಿದ್ದರೆ ಅದು ಕಾಗದದಲ್ಲಿ ಉಳಿಯುತ್ತದೆ. ಬಿಡಿಭಾಗ ಸಿಕ್ಕುವುದೆ ಎಂದು ಹತ್ತು ಜನ ಕೇಳಿ ಬರಿಗೈಯಲ್ಲಿ ತಿರುಗಿದರೆ ಹನ್ನೊಂದನೆಯವರಿಗೆ ಅಂಗಡಿಯವರು ಉತ್ತರ ಸಿದ್ಧಮಾಡಿಟ್ಟಿರುತ್ತಾರೆ.

ಕೊನೆಯದಾಗಿ ರಿಪೇರಿಯವರ ಬಗೆಗೆ ಒಂದು ಮಾತು. ನಮ್ಮ ಬೀದಿಗಳಲ್ಲಿ ಇವರ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ. ಎರಡು ಸಾವಿರದ ಸಾಮಾನಿಗೆ ಮುನ್ನೂರು ರೂಪಾಯಿ ಮಜೂರಿ ಹೆಚ್ಚಾಯಿತೆಂದು ನಾವು ಚೌಕಾಸಿ ಮಾಡುತ್ತೇವೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಾರೆ. ಬಿಚ್ಚಲು ಬರುವ ಯಂತ್ರವಿದ್ದೂ ಬಿಚ್ಚಬಲ್ಲ ಕೈ ಇಲ್ಲದಿದ್ದರೆ ಏನು ಫಲ? ಅವರು ಕೇಳಿದ ನ್ಯಾಯವಾದ ಮಜೂರಿಯನ್ನು ಕೊಡಿರಿ. ನಿಮ್ಮ ಮನೆಯ ಪಂಖ, ಮಿಕ್ಸಿ, ಗ್ರೈಂಡರುಗಳ ಆಯುಷ್ಯ ಅವರ ಅಂಗಡಿಯ ಆಯುಷ್ಯಕ್ಕೆ ಗಂಟುಹಾಕಿಕೊಂಡಿದೆ.

ಮುಂದಿನ ಹಬ್ಬದ ರಿಯಾಯಿತಿ ಮಾರಾಟಕ್ಕೆ ಹೊರಡುವಾಗ ಈ ಲೇಖನವನ್ನೇನೂ ಜೊತೆಗೆ ಒಯ್ಯಬೇಕಾಗಿಲ್ಲ. ಮುಖ ನೋಡಿ ಮರುಳಾಗದೆ ಬುಡ ತಿರುಗಿಸಿ ನೋಡಿದರೆ ಸಾಕು. ಅಂಗಡಿಯ ಹುಡುಗ ನಕ್ಕರೆ ನಗಲಿ. ಗಡಿಗೆ ತಟ್ಟುವ ಅಜ್ಜಿಯರನ್ನು ನೋಡಿ ಸಂತೆಯಲ್ಲಿ ಯಾರೂ ನಗುತ್ತಿರಲಿಲ್ಲವೆಂದು ಹೇಳುವಂತಿಲ್ಲ. ಅವರು ತಂದ ಗಡಿಗೆ ಮಾತ್ರ ಸೋರುತ್ತಿರಲಿಲ್ಲ.